ಕೊಡುವ ಗಂಟಿನೊಳಗೆ ಏನಿರಬೇಕು?

ದಾಸೋಹದ ಮನೆಯಲ್ಲಿ ಹಳಸಿದ ಅನ್ನವನ್ನು ಯಾರೂ ಬಡಿಸುವುದಿಲ್ಲ. ಬಡಿಸಲು ನಿಂತವರೇ ಮೊದಲು ಅಗುಳನ್ನು ಹಿಚುಕಿ ನೋಡುತ್ತಾರೆ. ಸಾರು ಕೆಟ್ಟಿದ್ದರೆ ಚೆಲ್ಲಿ ಬೇರೆ ಮಾಡುತ್ತಾರೆ. ಪಂಕ್ತಿಯಲ್ಲಿ ಕುಳಿತವರು ಯಾರು, ಯಾವ ಊರಿನವರು ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಆದರೆ ಅಂಥ ಸಂಸ್ಕಾರವುಳ್ಳ ಮನೆಗಳಲ್ಲಿಯೇ ಬಟ್ಟೆಯನ್ನು ಕೊಡುವ ಪ್ರಸಂಗ ಬಂದಾಗ ಈ ಎಚ್ಚರ ಎಲ್ಲಿಯೋ ಮರೆಯಾಗಿಬಿಡುತ್ತದೆ. ಗುಂಡಿ ಕಿತ್ತ ಅಂಗಿ, ಬಣ್ಣ ಹೋದ ಲಂಗ, ಮೊಣಕಾಲಲ್ಲಿ ತೂತು ಬಿದ್ದ ಪಾಯಿಜಾಮ, ಎಲ್ಲವೂ ‘ಯಾರಿಗಾದರೂ ಆದೀತು’ ಎಂಬ ಒಂದೇ ಮಾತಿನ ಮೇಲೆ ಗಂಟು ಸೇರುತ್ತವೆ. ಈ ‘ಯಾರಾದರೂ’ ಎಂಬುವರಿಗೆ ಮುಖವಿಲ್ಲ, ಮೈಯಳತೆಯಿಲ್ಲ, ಇಷ್ಟಾನಿಷ್ಟಗಳಂತೂ ಇಲ್ಲವೇ ಇಲ್ಲ.

ಈ ವಿಚಾರ ನಮ್ಮ ಮನೆಯಲ್ಲಿ ಎದುರಾದುದು ಅತ್ತೆಯವರು ಲಿಂಗೈಕ್ಯರಾದ ಮೇಲೆ. ಶಿವಗಣಾರಾಧನೆ ಮುಗಿದು ಬಂಧುಗಳೆಲ್ಲ ತಮ್ಮ ತಮ್ಮ ಊರುಗಳಿಗೆ ತೆರಳಿದರೂ ಅವರ ಕಪಾಟು ಐದಾರು ತಿಂಗಳು ಮುಚ್ಚಿಯೇ ಇತ್ತು. ಕೊನೆಗೊಂದು ದಿನ ನಾದಿನಿಯರಿಬ್ಬರನ್ನೂ ಕರೆಸಿಕೊಂಡು ಅದನ್ನು ತೆರೆದೆವು. ಒಟ್ಟು 38 ಸೀರೆಗಳು. ಅವುಗಳಲ್ಲಿ ಕೆಂಪು ಸೆರಗಿನ ಇಳಕಲ್ಲ ಸೀರೆಗಳೇ 11. ಅವುಗಳ ಜೊತೆಗೆ ಗುಳೇದಗುಡ್ಡದ ಖಣದ ಕುಪ್ಪಸಗಳು. ಮದುವೆಯಲ್ಲಿ ಉಟ್ಟ, ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಒಂದು. ನಿತ್ಯ ಉಡುತ್ತಿದ್ದ ನೂಲಿನ ಸೀರೆಗಳು. ಉಳಿದವು ಯಾರ ಯಾರದೋ ಮದುವೆಯಲ್ಲಿ ಆಯೇರಿಯಾಗಿ ಬಂದು, ಮಡಿಕೆಯನ್ನೂ ಬಿಚ್ಚದೆ ಉಳಿದ ಸಿಂಥೆಟಿಕ್ ಸೀರೆಗಳು. (ಒಂದು ಆಯೇರಿ ಸೀರೆ ಎಷ್ಟು ಮದುವೆಗಳನ್ನು ಕಂಡಿರುತ್ತದೆ ಎಂದು ಬರೆಯಹೊರಟರೆ ಅದೇ ಒಂದು ಪುರಾಣವಾದೀತು.)

ಹಿರಿಯ ನಾದಿನಿಯವರು ಖಂಡಿತವಾಗಿ ಹೇಳಿದರು, “ಅವ್ವನ ಸೀರೀನ ಮಂದಿ ಉಟಗೊಂಡದ್ದು ನನ್ನ ಕಣ್ಣಿಂದ ನೋಡ್ಲಿಕ್ಕೆ ಆಗೂದಿಲ್ಲ.” ಪಡಸಾಲೆಯಲ್ಲಿ ಕುಳಿತಿದ್ದ ಮಾವನವರು ಅಲ್ಲಿಂದಲೇ ಕೇಳಿದರು, “ಉಡಾಕಿ ಹ್ವಾದಳು. ಸೀರಿ ಕಾಯ್ಕೋತ ಕೂಡೂದು ಯಾಕ?” ಇಬ್ಬರ ಮಾತೂ ದುಃಖದಿಂದಲೇ ಬಂದುದಾಗಿತ್ತು. ಆದ್ದರಿಂದ ಯಾರನ್ನೂ ಒಪ್ಪಿಸಲು ಹೋಗಲಿಲ್ಲ. ನಾದಿನಿಯರು ನೆನಪಿಗೆಂದು ಮೂರು ಇಳಕಲ್ಲ ಸೀರೆಗಳನ್ನು ತೆಗೆದುಕೊಂಡರು; ಚಂದ್ರಕಾಳಿಯನ್ನು ಮೊಮ್ಮಗಳಿಗೆಂದು ಎತ್ತಿಟ್ಟೆವು. ಅತ್ತೆಯವರನ್ನು ಕೊನೆಯವರೆಗೆ ನೋಡಿಕೊಂಡವಳು ಇಪ್ಪತ್ತೆರಡು ವರ್ಷಗಳಿಂದ ಮನೆಗೆಲಸಕ್ಕೆ ಬರುವ ಹೆಣ್ಣುಮಗಳು. ಆದಕಾರಣ ಉಳಿದವುಗಳಲ್ಲಿ ಮೊದಲ ಆಯ್ಕೆ ಆಕೆಯದಾಗಲೆಂದು ಕರೆದು ಕೇಳಿದೆವು.

ಆಕೆ ಇಳಕಲ್ಲ ಸೀರೆಗಳ ಮೇಲೊಮ್ಮೆ ಕೈಯಾಡಿಸಿ ಹಿಂದೆ ಸರಿದಳು. “ಇವು ಬ್ಯಾಡ್ರಿ ಅಕ್ಕಾರ. ಉಟಗೊಂಡು ಸಂತಿಗೆ ಹ್ವಾದ್ರ ‘ಇದು ಅಮ್ಮಾರ ಸೀರಿ ಅಲ್ಲೇನ’ ಅಂತ ನಾಕು ಮಂದಿ ಕೇಳ್ತಾರ. ನೂಲಿನೂವು ಎರಡು ಕೊಡ್ರಿ, ಕೌದಿಗೆ ಆಗ್ತಾವ. ಆ ಹೊಸಾವು ಅದಾವಲ್ಲ, ಅದರಾಗ ಒಂದು ನಮ್ಮ ಹುಡುಗಿಗೆ ಕೊಡ್ರಿ.”

ನಾವು ಬಹಳ ಹೊತ್ತು ಯೋಚಿಸಿದ್ದು ಈ ಮಾತನ್ನು. ಎಲ್ಲಕ್ಕಿಂತ ಉತ್ತಮವಾದುದನ್ನು ಕೈಯಲ್ಲಿ ಹಿಡಿದು ಆಕೆ ಬೇಡವೆಂದಳು. ಜೀರ್ಣವಾದುದನ್ನೂ ಯಾರೂ ಉಡದೆ ಇದ್ದುದನ್ನೂ ಬೇಕೆಂದಳು. ಗುರುತಿನ ಬಟ್ಟೆ ಬಾಯಿಲ್ಲದೆಯೇ ಮಾತನಾಡುತ್ತದೆ. ಉಟ್ಟವರು ಓಣಿಯಲ್ಲಿ ನಡೆದಾಗಲೆಲ್ಲ ಅದು ಕೊಟ್ಟವರ ಹೆಸರನ್ನು ಕೂಗಿ ಹೇಳುತ್ತದೆ. ನೀಡಿದವನ ಹೆಸರು ನೀಡಿದ ವಸ್ತುವಿಗೆ ಅಂಟಬಾರದೆಂದು ಹಿರಿಯರು ದಾಸೋಹದ ಬಗೆಗೆ ಹೇಳುತ್ತಿದ್ದುದನ್ನು ಆಕೆ ಸಂತೆಯ ಮಾತಿನಲ್ಲಿ ಹೇಳಿದ್ದಳು. ಹಾಗಾಗಿ ಉಳಿದ ಎಂಟು ಇಳಕಲ್ಲ ಸೀರೆಗಳನ್ನು ನಮ್ಮ ಪರಿಚಯವಿಲ್ಲದ ಕಡೆಗೇ ಕಳಿಸಬೇಕೆಂದು ಅಂದೇ ನಿಶ್ಚಯಿಸಿದೆವು.

ದೂರ ಕಳಿಸುವುದರಲ್ಲಿಯೂ ಒಂದು ಅಪಾಯವುಂಟು. ಪಡೆಯುವವರು ಕಣ್ಣಿಗೆ ಕಾಣದಿದ್ದಷ್ಟೂ ಕೊಡುವವರ ಕೈ ಸಡಿಲವಾಗುತ್ತದೆ. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿ ಹರಿದು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳು ನೀರುಪಾಲಾದಾಗ ನಾವು ಕೆಲವರು ಸೇರಿ ಹಾಸಿಗೆ ಹೊದಿಕೆಗಳನ್ನು ತೆಗೆದುಕೊಂಡು ಒಂದು ಪರಿಹಾರ ಕೇಂದ್ರಕ್ಕೆ ಹೋಗಿದ್ದೆವು. ಶಾಲೆಯ ಜಗಲಿಯ ಮೇಲೆ ಆಳೆತ್ತರದ ಬಟ್ಟೆಯ ರಾಶಿ. ಮದುವೆಯ ಕೋಟು, ಟೈ, ಒಂಟಿ ಕಾಲುಚೀಲ, ಜಿಪ್ಪು ಕೆಟ್ಟ ಜೀನ್ಸು, ಮಿಂಚಿನ ಚಕ್ಕೆಗಳನ್ನು ಹೊಲಿದ ಮಕ್ಕಳ ಫ್ರಾಕು. ಇಬ್ಬರು ಹುಡುಗರು ಎರಡು ದಿನಗಳಿಂದ ಅದನ್ನು ಬೇರ್ಪಡಿಸುತ್ತಲೇ ಇದ್ದರು. ಆ ಕೈಗಳು ಬೇರೆ ಕೆಲಸಕ್ಕೆ ಬೇಕಾಗಿದ್ದವು. ಒಬ್ಬ ಮುದುಕಿ ನಮ್ಮ ಬಳಿ ಬಂದು ದನಿ ತಗ್ಗಿಸಿ, “ಒಳಲಂಗ ಐತೇನ್ರಿ?” ಎಂದು ಕೇಳಿದಳು. ಸೀರೆಗಳು ನೂರಾರಿದ್ದವು. ಒಳಲಂಗ ಒಂದೂ ಸಿಗಲಿಲ್ಲ. ಹಿಂದೆ 2004ರ ಡಿಸೆಂಬರಿನಲ್ಲಿ ಸುನಾಮಿ ಬಡಿದ ಮೇಲೆ ತಮಿಳುನಾಡಿನ ನಾಗಪಟ್ಟಣಂ ಕಡೆಯ ರಸ್ತೆಯ ಬದಿಗಳಲ್ಲಿ ದೇಶದ ಮೂಲೆಮೂಲೆಗಳಿಂದ ಬಂದ ಹಳೆಯ ಬಟ್ಟೆಗಳು ಯಾರಿಗೂ ಬೇಡವಾಗಿ ಬಿದ್ದಿದ್ದುವೆಂಬುದನ್ನು ಓದಿದ್ದೆವು. ಮನೆ ಕಳೆದುಕೊಂಡ ಮೀನುಗಾರ ಕುಟುಂಬಗಳು ಆ ಬಟ್ಟೆಗಳನ್ನು ಮುಟ್ಟದೆ ಹೋದುದನ್ನು ಅಹಂಕಾರವೆಂದು ಕರೆದವರೂ ಉಂಟು. ನಮಗೆ ಹಾಗೆ ತೋರುವುದಿಲ್ಲ. ಮನೆ ಹೋದರೂ ಮಾನ ಹೋಗಿರುವುದಿಲ್ಲ.

ಇಂಗ್ಲೆಂಡಿನಲ್ಲಿರುವ ನಮ್ಮ ಕಿರಿಯ ಮಗನು ಫೋನಿನಲ್ಲಿ ಈ ಸುದ್ದಿಯನ್ನೆಲ್ಲ ಕೇಳಿ ಅಲ್ಲಿಯ ಪದ್ಧತಿಯನ್ನು ವಿವರಿಸಿದನು. ಅಲ್ಲಿ ಹಳೆಯ ಬಟ್ಟೆಯನ್ನು ಬಡವರ ಕೈಗೆ ನೇರವಾಗಿ ಕೊಡುವುದು ಕಡಿಮೆ. ಧರ್ಮಾರ್ಥ ಅಂಗಡಿಗೆ ಒಪ್ಪಿಸುತ್ತಾರೆ. ಅಂಗಡಿಯವರು ಅದನ್ನು ಕಡಿಮೆ ಬೆಲೆಗೆ ಮಾರಿ ಬಂದ ಹಣವನ್ನು ಸತ್ಕಾರ್ಯಕ್ಕೆ ವಿನಿಯೋಗಿಸುತ್ತಾರೆ. ಆಕ್ಸ್‌ಫಾಮ್ ಎಂಬ ಸಂಸ್ಥೆ ಆಕ್ಸ್‌ಫರ್ಡ್ ನಗರದ ಬ್ರಾಡ್ ಸ್ಟ್ರೀಟಿನಲ್ಲಿ ಇಂಥ ಅಂಗಡಿಗೆ ಜಾಗ ಹಿಡಿದುದು 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷ. ಕೊಳ್ಳುವವರು ಆರಿಸಬಹುದು, ತೊಟ್ಟು ನೋಡಬಹುದು, ಬೇಡವೆಂದು ಬಿಟ್ಟು ಬರಬಹುದು. ನಮ್ಮ ಮನೆಗೆಲಸದ ಹೆಣ್ಣುಮಗಳು ಬಾಯಿಬಿಟ್ಟು ಕೇಳಬೇಕಾಗಿ ಬಂದ ಆಯ್ಕೆ ಅಲ್ಲಿ ತಾನಾಗಿಯೇ ದೊರೆಯುತ್ತದೆ. ಈ ಒಂದು ಗುಣಕ್ಕಾಗಿಯೇ ಆ ಪದ್ಧತಿ ನಮಗೆ ಮೆಚ್ಚುಗೆಯಾಯಿತು.

ಆದರೆ ಅಲ್ಲಿಯೂ ಮಾರಾಟವಾಗದೆ ಉಳಿಯುವ ಬಟ್ಟೆ ಬಹಳ. ಅದನ್ನು ವರ್ತಕರು ತೂಕದ ಮೇಲೆ ಕೊಂಡು ಹಡಗು ಹತ್ತಿಸುತ್ತಾರೆ. ಅದರಲ್ಲಿ ಸಾಕಷ್ಟು ಭಾಗ ಆಫ್ರಿಕ ಖಂಡಕ್ಕೆ ಹೋಗುತ್ತದೆ. ಘಾನಾ ದೇಶದ ಅಕ್ರಾ ನಗರದಲ್ಲಿ ಕಾಂಟಾಮಾಂಟೊ ಎಂಬ ದೊಡ್ಡ ಪೇಟೆಯೇ ಇದರ ಮೇಲೆ ನಿಂತಿದೆ. ಅಲ್ಲಿಯ ಜನ ಈ ಸರಕನ್ನು ‘ಓಬ್ರೋನಿ ವಾವು’ ಎನ್ನುತ್ತಾರಂತೆ. ಸತ್ತುಹೋದ ಬಿಳಿಯರ ಬಟ್ಟೆ ಎಂದು ಅದರ ಅರ್ಥ. ಬದುಕಿರುವ ಮನುಷ್ಯ ಇಷ್ಟೊಂದು ಒಳ್ಳೆಯ ಬಟ್ಟೆಯನ್ನು ಬಿಟ್ಟುಕೊಡಲಾರನೆಂಬ ಊಹೆ ಆ ಹೆಸರಿನ ಹಿಂದಿದೆ. ಉಣ್ಣೆಯ ಚಿಂದಿ ನಮ್ಮ ದೇಶದ ಪಾಣಿಪತ್ತಿಗೂ ಬರುತ್ತದೆ. ಅಲ್ಲಿ ಅದನ್ನು ಹರಿದು, ಎಳೆ ತೆಗೆದು, ಮತ್ತೆ ನೂತು ಅಗ್ಗದ ಕಂಬಳಿಗಳನ್ನು ನೇಯುತ್ತಾರೆ. ಪ್ರವಾಹ, ಭೂಕಂಪಗಳಾದಾಗ ಪರಿಹಾರಕ್ಕೆಂದು ಕೊಳ್ಳುವ ಕಂಬಳಿಗಳಲ್ಲಿ ಇವೂ ಇರುತ್ತವೆ.

ಇಷ್ಟೆಲ್ಲ ತಿಳಿದ ಮೇಲೆ ನಮ್ಮ ಗಂಟನ್ನು ಕಟ್ಟಲು ಎರಡು ಭಾನುವಾರಗಳು ಹಿಡಿದವು. ನಮ್ಮದೇ ಮನೆಯ ಮಗಳು ಇದನ್ನುಟ್ಟು ನಾಳೆ ಬೀಗರ ಮನೆಗೆ ಹೋಗಬಹುದೇ ಎಂದು ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿದೆವು. ಹೌದೆನಿಸಿದುದನ್ನು ಒಗೆದು, ಇಸ್ತ್ರಿ ಮಾಡಿ, ಸೆರಗಿನ ಕುಚ್ಚು ಬಿಚ್ಚಿದ್ದರೆ ಕಟ್ಟಿ ಇಟ್ಟೆವು. ಇಳಕಲ್ಲ ಸೀರೆಗಳನ್ನು ಬೇರೊಂದು ತಾಲ್ಲೂಕಿನ ವೃದ್ಧಾಶ್ರಮಕ್ಕೆ ಕಳಿಸುವ ಮೊದಲು ಅಲ್ಲಿಯ ತಾಯಂದಿರು ಏನನ್ನು ಉಡುತ್ತಾರೆಂದು ವಿಚಾರಿಸಿದೆವು. ಆರು ಗಜದ ಜಾರುವ ಸೀರೆಗಳು ಅವರಿಗೆ ಬೇಕಾಗಿರಲಿಲ್ಲ. ಎಂಟು ಗಜದ ಇಳಕಲ್ಲ ಸೀರೆಗಳೆಂದಾಗ ಸಂತೋಷದಿಂದ ಒಪ್ಪಿದರು. ಪ್ರತಿ ಸೀರೆಗೂ ಒಂದು ಹೊಸ ಒಳಲಂಗವನ್ನು ಸೇರಿಸಿದೆವು. ಕುಪ್ಪಸಗಳ ತೊಡಕು ಬೇರೆ. ಅವು ಅತ್ತೆಯವರ ಮೈಗೆ ಮಾತ್ರ ಹೊಂದುವಂಥವು. ಒಳಗಡೆ ಬಟ್ಟೆ ಬಿಟ್ಟು ಹೊಲಿದಿದ್ದವುಗಳನ್ನು ಬಿಚ್ಚಿ ಸರಿಪಡಿಸಬಹುದೆಂದು ದರ್ಜಿ ಹೇಳಿದನು. ಅಂಥ ಐದು ಕುಪ್ಪಸಗಳು ಹೋದವು.

ಉಡಲು ಬಾರದ ಮೆತ್ತನೆಯ ನೂಲಿನ ಸೀರೆಗಳ ಬೆಲೆಯನ್ನು ನಾವು ಹೊಸದಾಗಿ ಅರಿತೆವು. ದಿಲ್ಲಿಯಲ್ಲಿ ಅಂಶು ಗುಪ್ತಾ ಅವರು 1999ರಲ್ಲಿ ಆರಂಭಿಸಿದ ಗೂಂಜ್ ಸಂಸ್ಥೆ ಇಂಥ ಬಟ್ಟೆಯನ್ನು ತೊಳೆದು, ಸ್ವಚ್ಛಗೊಳಿಸಿ, ಹಳ್ಳಿಯ ಹೆಣ್ಣುಮಕ್ಕಳಿಗೆ ತಿಂಗಳ ಮುಟ್ಟಿನ ದಿನಗಳಿಗಾಗಿ ಪ್ಯಾಡುಗಳನ್ನು ಮಾಡುತ್ತದೆ. ಈ ವಿಷಯವನ್ನು ಮನೆಗಳಲ್ಲಿ ತೆರೆದು ಮಾತನಾಡುವುದಿಲ್ಲ, ಮಾತನಾಡಬೇಕು. ಉಡುವ ಬಟ್ಟೆಯನ್ನು ಆ ಸಂಸ್ಥೆ ಪುಕ್ಕಟೆಯಾಗಿ ಹಂಚುವುದಿಲ್ಲವೆಂಬುದೂ ಗಮನಾರ್ಹ. ಊರವರು ತಮ್ಮ ಊರಿನ ಕೆರೆ, ಬಾವಿ, ರಸ್ತೆಗಳ ಕೆಲಸವನ್ನು ಕೂಡಿ ಮಾಡುತ್ತಾರೆ. ಅದರ ಪ್ರತಿಫಲವಾಗಿ ಬಟ್ಟೆ ಬರುತ್ತದೆ. ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಇನ್ನು ಹರಕು ಅಂಗಿಗಳು, ಬಣ್ಣಗೆಟ್ಟ ಪಾಲಿಯೆಸ್ಟರು. ಅವನ್ನು ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸಿಗೆ ಕೊಟ್ಟೆವು. ಅರ್ಧ ಗಂಟೆ ಚೌಕಾಶಿ ಮಾಡಿ ಒಂದು ಸಣ್ಣ ಬೋಗೋಣಿಯನ್ನು ಕೊಟ್ಟು ಹೋದಳು. ಇದು ದಾನವಲ್ಲ, ವ್ಯಾಪಾರ. ಆಕೆಯೂ ಬೇಡಲಿಲ್ಲ, ನಾವೂ ಪುಣ್ಯವನ್ನು ಎಣಿಸಲಿಲ್ಲ. ಆಕೆಗೂ ಬೇಡವಾದುದು ಒರೆಸುವ ಬಟ್ಟೆಯಾಯಿತು.

ನಾದಿನಿಯವರು ಮುಂದೆ ಒಮ್ಮೆ ಬಂದಾಗ ಇಳಕಲ್ಲ ಸೀರೆಗಳು ಎಲ್ಲಿಗೆ ಹೋದುವೆಂದು ಕೇಳಿದರು. ಹೇಳಿದೆವು. “ನೋಡಿ ಬರೂಣೇನು?” ಎಂದರು, ಸ್ವಲ್ಪ ಹೊತ್ತಿನ ಮೇಲೆ ತಾವೇ, “ಬ್ಯಾಡ ಬಿಡ್ರಿ” ಎಂದರು.

ಮೊನ್ನೆ ಮಾವನವರು ತಮ್ಮ ಟ್ರಂಕನ್ನು ಪಡಸಾಲೆಗೆ ಹೊರಗೆಳೆಸಿದರು. “ನನ್ನೂವು ನಾನ ಆರಿಸ್ತೀನಿ, ನಿಮಗ್ಯಾಕ ಆ ತ್ರಾಸು?” ಎಂದು ಹತ್ತು ಧೋತರಗಳಲ್ಲಿ ನಾಲ್ಕನ್ನು ಇಟ್ಟುಕೊಂಡು ಆರನ್ನು ಈಚೆಗಿಟ್ಟರು. ರುಮಾಲುಗಳನ್ನು ನೋಡದೆಯೇ ಕೊಟ್ಟರು. ಹಿರಿಯ ಮಗನ ಮದುವೆಗೆ ಹೊಲಿಸಿದ್ದ ಉಣ್ಣೆಯ ಕೋಟನ್ನು ಮಾತ್ರ ಎರಡು ಸಲ ಗಂಟಿಗೆ ಹಾಕಿ ಎರಡು ಸಲವೂ ಹೊರತೆಗೆದರು. ಅದು ಈಗ ಬಾಗಿಲ ಹಿಂದಿನ ಗೂಟಕ್ಕೆ ತೂಗುತ್ತಿದೆ.