ಆಟಕ್ಕೆ ಅಂಕ ಕೊಡುವುದು

'ಅಂಕ' ಎಂಬುದು ಬಹು ಅರ್ಥಗಳ ಪದ. ನಾಟಕದ ಭಾಗವೂ ಅಂಕವೇ, ತಾಯಿಯ ತೊಡೆಯೂ ಅಂಕವೇ. ಕರಾವಳಿಯ ಕಡೆಗೆ ಹೋದರೆ ಕೋಳಿಗಳ ಕಾಳಗಕ್ಕೂ ಅದೇ ಹೆಸರು. ಆದರೆ ಅಧ್ಯಾಪಕ ವೃತ್ತಿಗೆ ಬಿದ್ದವನಿಗೆ ಈ ಅರ್ಥಗಳೆಲ್ಲ ಮರೆತುಹೋಗಿ, ಉತ್ತರಪತ್ರಿಕೆಯ ಅಂಚಿನಲ್ಲಿ ಕೆಂಪು ಶಾಯಿಯಿಂದ ಬೀಳುವ ಸಂಖ್ಯೆಯೊಂದೇ ಉಳಿಯುತ್ತದೆ. ಆ ಸಂಖ್ಯೆಯನ್ನು ಬರೆಯಲು ಅರ್ಧ ನಿಮಿಷ ಸಾಕು. ಅದನ್ನು ಹೊತ್ತು ತಿರುಗುವವನಿಗೆ ಅರ್ಧ ಆಯುಷ್ಯವೂ ಸಾಲದೆ ಹೋಗುವುದುಂಟು.

ಇಂಥ ಅಂಕಗಳನ್ನು ವರ್ಷವರ್ಷವೂ ಹಂಚುತ್ತ ಬಂದಿರುವ ನನಗೆ ಈಚೆಗೆ ಹೊಸದೊಂದು ಮೌಲ್ಯಮಾಪನ ಗಂಟುಬಿದ್ದಿತು. ಸಾಲಗಾಮೆಯಲ್ಲಿ ನನ್ನ ಅಕ್ಕನ ಮನೆ. ಆಕೆಯ ಮಗ ಪಿ.ಯು.ಸಿ. ಓದುತ್ತಿದ್ದಾನೆ. ಆಲೂಗೆಡ್ಡೆ ಅಗೆಯುವ ಕಾಲದಲ್ಲಿ ನೆರೆಹೊರೆಯ ಹೊಲಗಳಲ್ಲಿ ದುಡಿದು ಕೂಡಿಟ್ಟ ಹಣದಿಂದ ಅವನು ಒಂದು ವಿಡಿಯೋ ಗೇಮನ್ನು ಕೊಳ್ಳಬೇಕೆಂದಿದ್ದ. ದೊಡ್ಡ ಕಂಪೆನಿಗಳ ಹೊಸ ಗೇಮೊಂದಕ್ಕೆ ನಾಲ್ಕೈದು ಸಾವಿರ ರೂಪಾಯಿ ಬೆಲೆಯಾಗುವುದು ಸಾಮಾನ್ಯ. ಹುಡುಗ ವಿಮರ್ಶೆಗಳನ್ನೆಲ್ಲ ಓದಿ ತಲೆ ಕೆಡಿಸಿಕೊಂಡು ನನ್ನ ಬಳಿಗೆ ಬಂದ.

"ಮಾವ, ಒಬ್ರು ಹತ್ತಕ್ಕೆ ಒಂಬತ್ತು ಕೊಟ್ಟಿದ್ದಾರೆ, ಇನ್ನೊಬ್ರು ನಾಲ್ಕು ಕೊಟ್ಟಿದ್ದಾರೆ. ಯಾರನ್ನ ನಂಬೋದು? ನೀವೂ ಪುಸ್ತಕಕ್ಕೆಲ್ಲ ವಿಮರ್ಶೆ ಬರೀತೀರಲ್ಲ, ಹೇಳಿ."

ಕನ್ನಡ ಎಂ.ಎ. ಮಾಡಿದವನಿಗೂ ವಿಡಿಯೋ ಗೇಮಿಗೂ ಏನು ಸಂಬಂಧವೆಂದು ವಾಚಕರು ನಗಬಹುದು. ಆದರೆ ಆಟವನ್ನು ಗಂಭೀರವಾಗಿ ಪರಿಗಣಿಸುವುದು ನಮ್ಮವರಿಗೆ ಹೊಸತೇನೂ ಅಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ 'ಶ್ರೀತತ್ತ್ವನಿಧಿ'ಯಲ್ಲಿ 'ಕೌತುಕನಿಧಿ' ಎಂಬ ಒಂದು ಭಾಗವನ್ನೇ ಆಟಗಳಿಗೆ ಮೀಸಲಿಟ್ಟರು. ಅರಸರಿಗೆ ಅಗೌರವವಲ್ಲದ್ದು ಅಧ್ಯಾಪಕನಿಗೆ ಹೇಗಾದೀತು!

ಹುಡುಗನ ಪ್ರಶ್ನೆಯ ಬೆನ್ನು ಹತ್ತಿ ನಾನು ತಿಳಿದುಕೊಂಡ ಸಂಗತಿಗಳು ಸ್ವಾರಸ್ಯವಾಗಿವೆ. ಜಪಾನಿನಲ್ಲಿ 1986ರಲ್ಲಿ ಪ್ರಾರಂಭವಾದ 'ಫಾಮಿತ್ಸು' ಪತ್ರಿಕೆಯಲ್ಲಿ ಒಂದೊಂದು ಆಟವನ್ನೂ ನಾಲ್ವರು ವಿಮರ್ಶಕರು ಆಡಿ, ತಲಾ 10ರಂತೆ ಒಟ್ಟು 40ಕ್ಕೆ ಅಂಕ ಕೊಡುವ ಪದ್ಧತಿಯುಂಟು. ಪೂರ್ತಿ 40 ಮೊದಲು ದೊರೆತದ್ದು 1998ರಲ್ಲಿ, 'ಜೆಲ್ಡಾ' ಮಾಲೆಯ 'ಒಕರಿನಾ ಆಫ್ ಟೈಮ್' ಎಂಬ ಆಟಕ್ಕೆ. ಒಬ್ಬನ ಮೂಗಿನ ನೇರಕ್ಕೆ ತೀರ್ಪು ಆಗಬಾರದೆಂಬ ಈ ವಿವೇಕ ನಮ್ಮ ವಿಶ್ವವಿದ್ಯಾನಿಲಯಗಳ ಜೋಡಿ ಮೌಲ್ಯಮಾಪನವನ್ನು ನೆನಪಿಗೆ ತರುತ್ತದೆ.

2001ರಲ್ಲಿ ಹುಟ್ಟಿದ 'ಮೆಟಾಕ್ರಿಟಿಕ್' ಎಂಬ ಸಂಸ್ಥೆಯಾದರೋ ಹತ್ತಾರು ಪತ್ರಿಕೆಗಳ ಅಂಕಗಳನ್ನು ಒಟ್ಟುಗೂಡಿಸಿ 100ಕ್ಕೆ ಸರಾಸರಿ ತೆಗೆಯುತ್ತದೆ. ಯಾವ ಪತ್ರಿಕೆಯ ಮಾತಿಗೆ ಎಷ್ಟು ತೂಕವೆಂಬ ಗುಟ್ಟನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಈ ಸರಾಸರಿಗೆ ಅನ್ನ ಕಸಿಯುವ ಶಕ್ತಿಯೂ ಬಂದಿತು. 2010ರಲ್ಲಿ 'ಫಾಲೌಟ್: ನ್ಯೂ ವೇಗಸ್' ಎಂಬ ಆಟವನ್ನು ನಿರ್ಮಿಸಿದ ಆಬ್ಸಿಡಿಯನ್ ಸಂಸ್ಥೆಗೆ ಸರಾಸರಿ 85 ಬಂದರೆ ಹೆಚ್ಚುವರಿ ಹಣವೆಂದು ಒಪ್ಪಂದವಿತ್ತಂತೆ, ಬಂದದ್ದು 84. ಈ ಸಂಗತಿಯನ್ನು ಆ ಸಂಸ್ಥೆಯವರೇ 2012ರಲ್ಲಿ ಹೊರಗೆಡಹಿದರು. ಒಂದು ಅಂಕದಿಂದ ನಪಾಸಾದ ವಿದ್ಯಾರ್ಥಿಯ ಮುಖವನ್ನು ಕಂಡು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಾಗಾದರೆ ನ್ಯಾಯವಾದ ಅಂಕವೆಂದರೆ ಯಾವುದು? ಮೊದಲನೆಯದಾಗಿ, ಆಡದೆ ಅಂಕ ಕೊಡಬಾರದು. ಬಿತ್ತನೆ ಆಲೂಗೆಡ್ಡೆಯ ಯೋಗ್ಯತೆ ಹಾಸನದ ಮಾರುಕಟ್ಟೆಯಲ್ಲಿ ಮೂಟೆ ಬಿಚ್ಚಿದಾಗ ತಿಳಿಯುವುದಿಲ್ಲ. ನೆಲಕ್ಕೆ ಬಿದ್ದು, ಮೊಳೆತು, ಅಂಗಮಾರಿಯ ಮಳೆಗಾಲವನ್ನು ದಾಟಿದ ಮೇಲೆ ತಿಳಿಯುತ್ತದೆ. ಆಟವೂ ಹಾಗೆಯೇ. ಕೊನೆಯ ತನಕ ಆಡಲು ವ್ಯವಧಾನವಿಲ್ಲವೆ? ಎಲ್ಲಿಯವರೆಗೆ ಆಡಿದೆನೆಂಬುದನ್ನಾದರೂ ಬರೆಯತಕ್ಕದ್ದು.

ಎರಡನೆಯದು, ಕೊಳ್ಳುವವನ ಕೈಗೆ ಬರುವ ಆಟವನ್ನೇ ವಿಮರ್ಶಕನೂ ಆಡಬೇಕು. 2020ರ ಡಿಸೆಂಬರಿನಲ್ಲಿ 'ಸೈಬರ್‌ಪಂಕ್ 2077' ಬಿಡುಗಡೆಯಾದಾಗ ಮೊದಲ ವಿಮರ್ಶೆಗಳು ಬಹುಮಟ್ಟಿಗೆ ಕಂಪ್ಯೂಟರಿನ ಆವೃತ್ತಿಯನ್ನು ನೋಡಿ ಬರೆದವು, ಹೊಗಳಿಕೆಗೆ ಕೊರತೆಯಿರಲಿಲ್ಲ. ಹಳೆಯ ಪ್ಲೇಸ್ಟೇಷನ್ನಿನಲ್ಲಿ ಆಡಿದವರಿಗಾದರೋ ಅದು ಮುಗ್ಗರಿಸುತ್ತ, ಅಲ್ಲಲ್ಲೇ ನಿಲ್ಲುತ್ತ ಬಂದಿತು. ವಾರದೊಳಗೆ ಸೋನಿ ಸಂಸ್ಥೆ ಅದನ್ನು ತನ್ನ ಮಳಿಗೆಯಿಂದಲೇ ತೆಗೆದುಹಾಕಿ, ಮರಳಿ ಸೇರಿಸಿದ್ದು 2021ರ ಜೂನಿನಲ್ಲಿ. ಆ ಮೊದಲ ಅಂಕಗಳು ಸುಳ್ಳಲ್ಲ. ಆದರೆ ಹಳೆಯ ಯಂತ್ರವುಳ್ಳ ಬಡವನ ಪಾಲಿಗೆ ನಿಜವೂ ಅಲ್ಲ.

ಮೂರನೆಯದು, ಜಾತಿಯರಿತು ತೂಗುವುದು. ಖಂಡಕಾವ್ಯವನ್ನು ಮಹಾಕಾವ್ಯವಲ್ಲವೆಂದು ಹಳಿಯುವುದು ಹೇಗೆ ಅವಿವೇಕವೋ, ಅಳಗುಳಿಮಣೆಯಲ್ಲಿ ಯುದ್ಧವಿಲ್ಲವೆಂದು ಅಂಕ ಕಳೆಯುವುದೂ ಹಾಗೆಯೇ. ನಮ್ಮ 'ಕವಿರಾಜಮಾರ್ಗ' ಒಂಬತ್ತನೆಯ ಶತಮಾನದಷ್ಟು ಹಿಂದೆಯೇ ದೋಷಾದೋಷಗಳ ವಿವೇಚನೆಯಿಂದ ತನ್ನ ಮೊದಲ ಪರಿಚ್ಛೇದವನ್ನು ತುಂಬಿತು. ದೋಷ ಯಾವುದು, ದೋಷದಂತೆ ಕಂಡರೂ ದೋಷವಲ್ಲದ್ದು ಯಾವುದು ಎಂಬ ಪ್ರಶ್ನೆ ಇಂದಿಗೂ ವಿಮರ್ಶಕನ ಮೊದಲ ಪ್ರಶ್ನೆ. ಆಟ ಕಠಿಣವಾಗಿರುವುದು ದೋಷವಲ್ಲ. ಏಕೆ ಸೋತೆನೆಂದು ಆಡುವವನಿಗೆ ತಿಳಿಯದಂತಿರುವುದು ದೋಷ.

ಇನ್ನು ನಾಲ್ಕನೆಯದು, ಅಂಕಿತ. ವಚನಕಾರರು ತಮ್ಮ ಮಾತಿಗೆ ಅಂಕಿತ ಹಾಕಿದಂತೆ ವಿಮರ್ಶಕನೂ ತಾನು ಯಾರು, ಆಟವನ್ನು ಹಣ ಕೊಟ್ಟು ಕೊಂಡನೋ ಪುಕ್ಕಟೆಯಾಗಿ ಪಡೆದನೋ, ಎಂದು ಆಡಿದನು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು.

ಇಷ್ಟು ನಿಯಮಗಳನ್ನು ಹೇಳುವುದು ಸುಲಭ. ಅವು ಪರೀಕ್ಷೆಗೆ ಬಂದದ್ದು ನನ್ನ ಸೋದರಳಿಯನು ತನ್ನ ಗೆಳೆಯನೊಬ್ಬನನ್ನು ಕರೆತಂದಾಗ. ಹಾಸನದಲ್ಲಿ ಎಂಜಿನಿಯರಿಂಗ್ ಓದುವ ಆ ಹುಡುಗ ರಾತ್ರಿಗಳನ್ನು ಸುಟ್ಟು, ಅಳಗುಳಿಮಣೆಯನ್ನು ಮೊಬೈಲಿಗೆ ಇಳಿಸಿದ್ದ. "ಸಾರ್, ಹತ್ತಕ್ಕೆ ಎಷ್ಟು ಅಂತ ಹೇಳಿ. ಚೆನ್ನಾಗಿಲ್ಲ ಅಂದ್ರೆ ಇದನ್ನ ಇಲ್ಲಿಗೇ ಬಿಟ್ಟು ಕೆಲಸ ಹುಡುಕ್ತೀನಿ" ಎಂದ. ನಗುತ್ತಲೇ ಹೇಳಿದನಾದರೂ ಕಣ್ಣುಗಳು ನಗುತ್ತಿರಲಿಲ್ಲ.

ನಾನು ಒಂದು ವಾರದ ಅವಕಾಶ ಕೇಳಿದೆ. ನಾನು ಆಡಿದೆ, ಸೋದರಳಿಯ ಆಡಿದ, ನಿಜವಾದ ಮಣೆಯ ಮೇಲೆ ಹುಣಸೆಬೀಜ ಹಾಕಿ ಆಡಿ ಬೆಳೆದ ನನ್ನ ತಾಯಿಯೂ, ಗಾಜು ಸೀಳಿದ ಹಳೆಯ ಮೊಬೈಲಿನಲ್ಲಿ, ಕನ್ನಡಕ ಸರಿಪಡಿಸಿಕೊಂಡು ಆಡಿದರು. ಬೀಜ ಗುಳಿಗೆ ಬೀಳುವ ಸದ್ದು ಅವರಿಗೆ ಬಹಳ ಹಿಡಿಸಿತು. "ಆದರೆ ಇದು ಎಣಿಸೋದಕ್ಕೇ ಬಿಡಲ್ವಲ್ಲೋ! ಎಣಿಸ್ದೆ ಇದ್ದ ಮೇಲೆ ಅದೇನ್ ಆಟ?" ಎಂದರು. ಬೀಜಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಸುತ್ತು ಹಾಕಿಬಿಡುತ್ತಿದ್ದವು. ಆಟದ ಜೀವವೇ ಇರುವುದು ಮುಂದಾಲೋಚನೆಯ ಎಣಿಕೆಯಲ್ಲಿ. ನಾನು ಒಂದು ಪುಟ ತುಂಬ ಬರೆದೂ ಕಾಣದಿದ್ದ ದೋಷವನ್ನು ಅವರು ಒಂದು ಮಾತಿನಲ್ಲಿ ತೋರಿಸಿಕೊಟ್ಟರು.

ನಮ್ಮ ಊರಿನ ಹುಡುಗ, ಒಬ್ಬಂಟಿಯಾಗಿ ಮಾಡಿದ್ದಾನೆ, ಒಂದೆರಡು ಕೃಪಾಂಕ ಸೇರಿಸಿದರೆ ಯಾರ ಗಂಟು ಹೋದೀತು ಎಂಬ ಆಲೋಚನೆ ಬಾರದೆ ಇರಲಿಲ್ಲ. ಆದರೆ ಹಾಗೆ ಕೊಟ್ಟ 9ನ್ನು ನಂಬಿ ಅವನು ಎಣಿಸಲಾರದ ಅಳಗುಳಿಮಣೆಯನ್ನೇ ಲೋಕದ ಮುಂದಿಟ್ಟರೆ, ಅಪರಿಚಿತರು ಕೊಡುವ 3 ಅವನನ್ನು ಎಬ್ಬಿಸಲಾರದಷ್ಟು ಆಳಕ್ಕೆ ತಳ್ಳೀತು. ಕರುಣೆಗೆ ಜಾಗ ವಾಕ್ಯದಲ್ಲಿದೆ, ಸಂಖ್ಯೆಯಲ್ಲಿಲ್ಲ. ಪುಟದ ಕೊನೆಯಲ್ಲಿ 6 ಎಂದು ಬರೆದು, ದಿನಾಂಕ ಹಾಕಿ, ಅವನ ಕೈಗಿತ್ತೆ. ಅವನು ಸಂಖ್ಯೆಯನ್ನು ಮೊದಲು ನೋಡಿದ, ಮುಖ ಬಾಡಿತು. ಆಮೇಲೆ ಪುಟವನ್ನು ಓದಿದ. ಎರಡು ಸಲ ಓದಿದ.

ದೀಪಾವಳಿ ಕಳೆದ ಮೇಲೆ ಅವನು ಮತ್ತೆ ಬಂದ. ಬೀಜಗಳು ಈಗ ಒಂದೊಂದಾಗಿ ಬೀಳುತ್ತಿದ್ದವು; ಬೇಕೆಂದವರು ವೇಗವನ್ನು ಹೆಚ್ಚಿಸಿಕೊಳ್ಳಬಹುದಾಗಿತ್ತು. ಆಟ ಬದಲಾದ ಮೇಲೆ ಅಂಕವೂ ಮರುಮೌಲ್ಯಮಾಪನಕ್ಕೆ ಬರಬೇಕಾದದ್ದು ನ್ಯಾಯವಷ್ಟೆ. ಹಳೆಯ 6ನ್ನು ಅಳಿಸದೆ, ಅದರ ಕೆಳಗೆ ಹೊಸ ದಿನಾಂಕದೊಡನೆ 8 ಎಂದು ಬರೆದೆ. ಅಮ್ಮ ಮಾತ್ರ ಅಂಕದ ಗೊಡವೆಗೆ ಹೋಗದೆ, "ಇನ್ನೊಂದಾಟ ಹಾಕ್ಕೊಡಪ್ಪಾ" ಎಂದು ಅವನ ಕಡೆಗೆ ಮೊಬೈಲನ್ನು ಚಾಚಿದರು.