ತಮಟೆಯೋರಿಗೆ ಹೆಸರಿಲ್ವಾ?

ಸನ್ಮಾನ ಅನ್ನೋದು ಈ ದೇಶದಲ್ಲಿ ಜಾತಿಯಷ್ಟೇ ಹಳೆಯ ವ್ಯವಹಾರ. ಯಾರ ಕೊರಳಿಗೆ ಹಾರ, ಯಾರ ಕೈಗೆ ಕೂಲಿ ಎಂಬುದು ಸಭೆ ಸೇರುವ ಮೊದಲೇ ತೀರ್ಮಾನವಾಗಿರುತ್ತದೆ. ಈಗ ಚಲನಚಿತ್ರೋತ್ಸವಗಳ ಕಾಲ. ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಉತ್ಸವ, ಮೈಸೂರಿನಲ್ಲಿ ದಸರಾ ಚಿತ್ರೋತ್ಸವ, ಜಿಲ್ಲಾ ಕೇಂದ್ರಗಳಲ್ಲಿ ಸಂಘ ಸಂಸ್ಥೆಗಳವರು ನಡೆಸುವ ಎರಡು ಮೂರು ದಿನದ ಉತ್ಸವ. ಬಹಳ ಕಡೆ 'ಸ್ಥಳೀಯ ಕಲಾವಿದರಿಗೆ ಗೌರವ' ಎಂಬ ವಿಶೇಷ ಕಾರ್ಯಕ್ರಮವೂ ಇರುತ್ತದೆ. ಒಳ್ಳೆಯದೇ. ನಾವು ಸಿನಿಮಾದ ವಿರೋಧಿಗಳಲ್ಲ. ಟೂರಿಂಗ್ ಟಾಕೀಸಿನ ಮಣ್ಣಿನ ನೆಲದಲ್ಲಿ ಕೂತು ಚಿತ್ರ ನೋಡಿದ ಅಪ್ಪಂದಿರ ಮಕ್ಕಳು ನಾವು. ನಮ್ಮ ಪ್ರಶ್ನೆ ಇಷ್ಟೇ: ಸ್ಥಳೀಯ ಅಂದರೆ ಯಾರು? ಕಲಾವಿದ ಅಂದರೆ ಯಾರು?

ಕಳೆದ ವರ್ಷ ನಮ್ಮ ಕಡೆ ಅಂಥದೊಂದು ಉತ್ಸವ ನಡೆಯಿತು. ನಾವು ಐದು ಜನ ಹೋಗಿದ್ದೆವು. ಇಬ್ಬರು ಮೇಷ್ಟ್ರುಗಳು, ಇಬ್ಬರು ಕಾಲೇಜು ಹುಡುಗರು, ಒಬ್ಬ ಬಸ್ ಕಂಡಕ್ಟರ್. 'ಚೋಮನ ದುಡಿ' ತೋರಿಸುತ್ತಾರೆ ಎಂದು ಕೇಳಿ ಹೋದವರು. ಬಾಗಿಲಲ್ಲಿ ಅತಿಥಿಗಳನ್ನು ಎದುರುಗೊಳ್ಳಲು ತಮಟೆ ಬಾರಿಸುತ್ತಿದ್ದ ಆರು ಜನ ನಮ್ಮ ಕೇರಿಯವರೇ. ಮುಂದೆ ನಿಂತವರು ನಮ್ಮ ದೊಡ್ಡಪ್ಪ. ನಮ್ಮಲ್ಲಿ ಒಬ್ಬನಿಗೆ ಸ್ವಂತ ದೊಡ್ಡಪ್ಪ, ಉಳಿದವರಿಗೆ ಕೇರಿಯ ದೊಡ್ಡಪ್ಪ. ನಮ್ಮನ್ನು ಕಂಡು ನಕ್ಕರು. "ಒಳೀಕ್ಕೋಗ್ರಲಾ ಮಕ್ಳಾ, ತಣ್ಣಗದಂತೆ" ಅಂದರು.

ಅತಿಥಿಗಳು ಬಂದರು. ತಮಟೆ ಇನ್ನೂ ಏರುತ್ತಿರುವಾಗಲೇ ಒಬ್ಬರು ಕೈ ಎತ್ತಿ, "ಸಾಕು ನಿಲ್ಲಿಸ್ರಪ್ಪ, ಊಟ ಹಿಂದ್ಗಡೆ ಇದೆ" ಅಂದರು. ನಾವು ಒಳಗೆ ಹೋದೆವು. ಅವರು ಹಿಂದ್ಗಡೆ ಹೋದರು.

ಶಿವರಾಮ ಕಾರಂತರ ಕಾದಂಬರಿಯನ್ನು ಬಿ.ವಿ. ಕಾರಂತರು 1975ರಲ್ಲಿ ಚಿತ್ರ ಮಾಡಿದರು. ಅದಕ್ಕೆ ರಾಷ್ಟ್ರದ ಸ್ವರ್ಣಕಮಲ ಬಂತು. ಚೋಮನಾದ ಎಂ.ವಿ. ವಾಸುದೇವ ರಾವ್ ಶ್ರೇಷ್ಠ ನಟರೆನಿಸಿದರು. ಚೋಮನಿಗೆ ಎತ್ತುಗಳಿವೆ, ಉಳಲು ನೆಲವಿಲ್ಲ. ಹೊಲೆಯನಿಗೆ ಬೇಸಾಯ ಯಾಕೆ ಎನ್ನುತ್ತದೆ ಊರು. ಮಗ ನೀರಿನಲ್ಲಿ ಮುಳುಗುವಾಗ ಮುಟ್ಟಿ ಎತ್ತಲು ಮೇಲ್ಜಾತಿಯ ಕೈಗಳು ಮುಂದೆ ಬರುವುದಿಲ್ಲ. ಕೊನೆಗೆ ಅವನ ಪಾಲಿಗೆ ಉಳಿಯುವುದು ಬಾಗಿಲು ಮುಚ್ಚಿದ ಗುಡಿಸಲು ಮತ್ತು ದುಡಿ. ಚಿತ್ರ ಮುಗಿದಾಗ ಸಭೆ ಎದ್ದು ಚಪ್ಪಾಳೆ ಹೊಡೆಯಿತು. ಕೆಲವರು ಕಣ್ಣೊರೆಸಿಕೊಂಡರು.

ಆಮೇಲೆ ಗೌರವ ಸಮರ್ಪಣೆ. ನಾಲ್ವರಿಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಒಬ್ಬರು ನಿರ್ಮಾಪಕರು, ಒಬ್ಬರು ಧಾರಾವಾಹಿಯ ನಟರು, ಒಬ್ಬರು ಚಿತ್ರಮಂದಿರದ ಮಾಲೀಕರು, ಒಬ್ಬರು ನಾದಸ್ವರದ ವಿದ್ವಾಂಸರು. ಅವರ ಮೇಲೆ ನಮಗೆ ಯಾವ ಸಿಟ್ಟೂ ಇಲ್ಲ. ನಮ್ಮಲ್ಲೊಬ್ಬ ಮೇಷ್ಟ್ರು ವ್ಯವಸ್ಥಾಪಕರ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು: "ಸಾರ್, ತಮಟೆಯೋರನ್ನೂ ಕರೀಬಹುದಿತ್ತಲ್ಲ?" ಆತ ಕೆಟ್ಟವರಲ್ಲ. ನಗುನಗುತ್ತಲೇ ಹೇಳಿದರು: "ಅವರಿಗೆ ಪೇಮೆಂಟ್ ಆಗಿದೆಯಲ್ಲ ಮೇಷ್ಟ್ರೇ." ಮೇಜಿನ ಮೇಲೆ ಖರ್ಚಿನ ಪಟ್ಟಿ ಬಿದ್ದಿತ್ತು. ಶಾಮಿಯಾನ, ಕುರ್ಚಿ, ಮೈಕು, ಜನರೇಟರ್, ತಮಟೆ. ಎಲ್ಲ ಒಂದೇ ಸಾಲಿನಲ್ಲಿ. ಮೇಲೆ ತಲೆಬರಹ 'ವ್ಯವಸ್ಥೆ'. ಕಲಾವಿದರ ಪಟ್ಟಿ ಬೇರೆ ಹಾಳೆಯಲ್ಲಿತ್ತು. ಅದರಲ್ಲಿ ನಾದಸ್ವರದವರ ಸಂಭಾವನೆಯೂ ಇತ್ತು, ಶಾಲಿನ ಖರ್ಚೂ ಇತ್ತು.

ದುಡ್ಡು ಕೊಟ್ಟ ಮೇಲೆ ಗೌರವ ಬೇಕಿಲ್ಲ ಎಂಬ ನಿಯಮ ನಾದಸ್ವರಕ್ಕಿಲ್ಲ, ಗಾಯಕರಿಗಿಲ್ಲ, ನಟರಿಗಿಲ್ಲ. ತಮಟೆಗೆ ಮಾತ್ರ ಇದೆ. ಇದನ್ನು ಮರೆವು ಎನ್ನಲು ನಾವು ತಯಾರಿಲ್ಲ. ಚರ್ಮ ಮುಟ್ಟಿದ ಕೈಯನ್ನು ಕಲೆಯ ಪಟ್ಟಿಗೆ ಸೇರಿಸದ ಮನಸ್ಸು ಹೊಸ ಕಾಗದದ ಮೇಲೂ ಹಳೆಯ ಗೆರೆಯನ್ನೇ ಎಳೆಯುತ್ತದೆ.

ತಮಟೆ ಬಾರಿಸುವುದು ಬಡಿಯುವ ಕೆಲಸವಲ್ಲ ಗೆಳೆಯರೇ. ಹುಲ್ಲು ಹೊತ್ತಿಸಿ ಚರ್ಮವನ್ನು ಹದಕ್ಕೆ ಕಾಯಿಸಬೇಕು. ಹೆಚ್ಚಾದರೆ ಬಿರಿಯುತ್ತದೆ, ಕಮ್ಮಿಯಾದರೆ ದನಿ ಸತ್ತುಹೋಗುತ್ತದೆ. ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ಸಣ್ಣ ಕಡ್ಡಿ. ಸಾವಿಗೆ ಒಂದು ಗತ್ತು, ಮಾರಮ್ಮನ ಹಬ್ಬಕ್ಕೆ ಒಂದು, ಕುಣಿತಕ್ಕೆ ಒಂದು. ಈಚೆಗೆ ಫೈಬರ್ ತಮಟೆ ಬಂದಿದೆ, ಕಾಯಿಸೋ ಕಷ್ಟ ತಪ್ಪಿದೆ. ಆದರೆ ಕೈಯ ವಿದ್ಯೆಯನ್ನು ಅಂಗಡಿಯಿಂದ ತರಲಾಗುವುದಿಲ್ಲ.

ಈ ತಮಟೆಯೇ ಗುಲಾಮಗಿರಿಯ ಗುರುತು, ಎಸೆಯಿರಿ ಎನ್ನುವ ಗೆಳೆಯರು ನಮ್ಮಲ್ಲಿದ್ದಾರೆ. ಅವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಊರಿನ ಸಾವಿಗೆ ಬಿಟ್ಟಿ ಬಾರಿಸುವುದಿಲ್ಲ ಎಂದ ಕೇರಿಗಳು ಬಹಿಷ್ಕಾರ ಉಂಡಿವೆ, ಕೂಲಿ ಕಳೆದುಕೊಂಡಿವೆ. ಆ 'ಇಲ್ಲ' ಎಂಬ ಮಾತಿನಿಂದಲೇ ತಮಟೆ ನಮ್ಮದಾಯಿತು. ದಲಿತ ಚಳವಳಿಯ ಜಾಥಾಗಳಲ್ಲಿ ಹೋರಾಟದ ಹಾಡಿಗೆ ದನಿ ಕೊಟ್ಟದ್ದೂ ಇದೇ ತಮಟೆ. ಆದ್ದರಿಂದ ಬಾರಿಸಬೇಕೋ ಬೇಡವೋ ಎಂಬುದನ್ನು ಬಾರಿಸುವವರು ತೀರ್ಮಾನಿಸಲಿ. ಬಾರಿಸಿದರೆ ಮಾತ್ರ ಹೆಸರಿನೊಂದಿಗೆ ಬಾರಿಸಲಿ.

ಹೆಸರಿಗೆ ಅಷ್ಟೊಂದು ಬೆಲೆಯೇ ಎಂದು ಕೇಳುವವರು ಕೇರಳದ ಪಿ.ಕೆ. ರೋಸಿಯ ಕತೆ ಕೇಳಬೇಕು. ಮಲಯಾಳದ ಮೊದಲ ಚಿತ್ರ ಜೆ.ಸಿ. ಡೇನಿಯಲ್ ತೆಗೆದ 'ವಿಗತಕುಮಾರನ್' ಎಂಬ ಮೂಕಿ ಚಿತ್ರ. ಅದರ ನಾಯಕಿ ರೋಸಿ ದಲಿತ ಹೆಣ್ಣುಮಗಳು. ಹಾಕಿದ ಪಾತ್ರ ನಾಯರ್ ಹೆಣ್ಣಿನದು. ಅಷ್ಟಕ್ಕೇ ತಿರುವನಂತಪುರದಲ್ಲಿ ಪರದೆಗೆ ಕಲ್ಲು ಬಿತ್ತು. ಆಕೆ ಊರು ಬಿಟ್ಟು ಇಂದಿನ ತಮಿಳುನಾಡಿನ ಕಡೆ ಓಡಿಹೋಗಬೇಕಾಯಿತು. ಮತ್ತೆ ಕ್ಯಾಮೆರಾದ ಮುಂದೆ ಬರಲಿಲ್ಲ. ಆ ಚಿತ್ರದ ಪ್ರತಿಯೂ ಉಳಿಯಲಿಲ್ಲ. 2019ರಲ್ಲಿ ಕೇರಳದ ಸಿನಿಮಾ ಹೆಣ್ಣುಮಕ್ಕಳ ಸಂಘಟನೆ ತನ್ನ ಫಿಲಂ ಸೊಸೈಟಿಗೆ ರೋಸಿಯ ಹೆಸರಿಟ್ಟಿತು. ಪಾ. ರಂಜಿತ್ ಕಟ್ಟಿದ ನೀಲಂ ಸಂಸ್ಥೆ ಚೆನ್ನೈನಲ್ಲಿ ಆಕೆಯ ಹೆಸರಿನಲ್ಲೇ ಚಿತ್ರೋತ್ಸವ ನಡೆಸಿದೆ. 2024ರ ಡಿಸೆಂಬರಿನಲ್ಲಿ ಕೇರಳದ ಅಂತರರಾಷ್ಟ್ರೀಯ ಚಿತ್ರೋತ್ಸವ ತನ್ನ ಸಂಕೇತ ಚಿತ್ರದಲ್ಲಿ ಆಕೆಗೆ ನಮನ ಸಲ್ಲಿಸಿತು. ಕಲ್ಲು ಬಿದ್ದು 90 ವರ್ಷ ದಾಟಿದ ಮೇಲೆ ಬಂದ ಗೌರವ ಇದು. ರೋಸಿ ಅದನ್ನು ನೋಡಲಿಲ್ಲ.

ಹತ್ತಿರದ ಉದಾಹರಣೆಗಳೂ ಇವೆ. ಗಡಿಯಾಚೆಯ ಸೊಲ್ಲಾಪುರ ಜಿಲ್ಲೆಯಲ್ಲಿ ಹಲಗಿ ಬಾರಿಸುತ್ತಿದ್ದ ಸೋಮನಾಥ ಅವಘಡೆ ಎಂಬ ಹುಡುಗನನ್ನು ನಾಗರಾಜ ಮಂಜುಳೆ ತಮ್ಮ 'ಫಂಡ್ರಿ' ಚಿತ್ರದ ನಾಯಕನನ್ನಾಗಿ ಮಾಡಿದರು. 2013ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅವನು ಶ್ರೇಷ್ಠ ಬಾಲನಟನಾದ. ನಮ್ಮ ಚಿಕ್ಕಬಳ್ಳಾಪುರದ ಕಡೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ದೆಹಲಿ ಕಲೆ ಎಂದು ಒಪ್ಪಿದ್ದು ನಮ್ಮ ಜಿಲ್ಲಾ ಕೇಂದ್ರದ ಖರ್ಚಿನ ಪಟ್ಟಿಯಲ್ಲಿ ಕುರ್ಚಿ ಬಾಡಿಗೆಯ ಪಕ್ಕ ಕೂತಿದೆ.

ಆ ರಾತ್ರಿ ಕೊನೇ ಬಸ್ಸಿನಲ್ಲಿ ಎಲ್ಲರೂ ಒಟ್ಟಿಗೇ ಊರಿಗೆ ಬಂದೆವು. "ಬೇಜಾರಾಗ್ಲಿಲ್ವಾ ದೊಡ್ಡಪ್ಪ?" ಎಂದು ಕೇಳಿದೆವು. "ಸಾಲು ಒದ್ಕಂಡು ನಾನೇನ್ ಮಾಡ್ಲಿ ಬುಡ್ರಲಾ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಕೇಳಿದರು: "ಗೋಡೆ ಆಚೆಗೆ ಅದ್ಯಾವ್ದೋ ವಾದ್ಯ ಕೇಳ್ತಿತ್ತಲ್ಲ, ಬಾರ್ಸಿದ್ದು ಯಾರ್ಲಾ? ಕೈ ಸಂದಾಗದೆ." ನಾವು ಚಿತ್ರದ ಹೆಸರು ಹೇಳಿದೆವು, ನಿರ್ದೇಶಕರ ಹೆಸರು ಹೇಳಿದೆವು, ನಟರ ಹೆಸರು ಹೇಳಿದೆವು. "ಅವರಲ್ಲ ಕಣ್ಲಾ, ಬಾರ್ಸ್ದೋರು?" ಅಂದರು ದೊಡ್ಡಪ್ಪ. ಒಳಗೆ ಚಪ್ಪಾಳೆ ಹೊಡೆದ ಅಷ್ಟು ಜನದಲ್ಲಿ ಒಬ್ಬರ ಬಾಯಿಂದಲೂ ಈ ಪ್ರಶ್ನೆ ಬಂದಿರಲಿಲ್ಲ.

ಈ ವರ್ಷ ಉತ್ಸವದವರು ಮತ್ತೆ ಕೇರಿಗೆ ಬರುತ್ತಾರೆ. ಏನು ಹೇಳಬೇಕು ಎಂದು ಕೂತು ಮಾತಾಡಿದ್ದೇವೆ. ಆಮಂತ್ರಣ ಪತ್ರಿಕೆಯಲ್ಲಿ ನಾದಸ್ವರದವರ ಹೆಸರಿರುವಂತೆ ಆರೂ ಜನರ ಹೆಸರು ಅಚ್ಚಾಗಬೇಕು. ಬಾರಿಸುವ ಮೊದಲು ಮೈಕಿನಲ್ಲಿ ಹೆಸರು ಹೇಳಬೇಕು. ಸಂಭಾವನೆ ಕಲಾವಿದರ ಹಾಳೆಯಲ್ಲಿ ಬರೆಯಬೇಕು. ಬಾರಿಸಿದ ಮೇಲೆ ಊಟ ಎಲ್ಲರ ಜೊತೆ, ಕುರ್ಚಿ ಒಳಗೆ. ಒಂದು ದಿನದ ಪ್ರದರ್ಶನ ನಮ್ಮ ಕೇರಿಯ ಶಾಲೆಯ ಗೋಡೆಯ ಮೇಲೆ ಆಗಬೇಕು. ಶಾಲು ಕೊಟ್ಟರೆ ಬೇಡ ಅನ್ನುವುದಿಲ್ಲ, ಕೊಡದಿದ್ದರೆ ಕೇಳುವುದಿಲ್ಲ.

ನಿಮ್ಮ ಊರಿನಲ್ಲೂ ಇಂಥ ಉತ್ಸವ ನಡೆಯುತ್ತಿರಬಹುದು. ಕರಪತ್ರ ಕೈಗೆ ಬಂದರೆ ಮೊದಲು ಅತಿಥಿಗಳ ಪಟ್ಟಿ ಓದಬೇಡಿ. ಬಾಗಿಲಲ್ಲಿ ನಿಲ್ಲುವವರ ಹೆಸರು ಹುಡುಕಿ. ಇಲ್ಲದಿದ್ದರೆ ಹೋಗಿ ಕೇಳಿ. ಮೇಷ್ಟ್ರುಗಳು ಕೇಳಿ, ವಿದ್ಯಾರ್ಥಿಗಳು ಕೇಳಿ. ಆರು ಹೆಸರು ಅಚ್ಚು ಹಾಕಲು ಒಂದು ಸಾಲು ಸಾಕು.