ಮುಖ ನೋಡಿ ಮಣೆ ಹಾಕುವ ಫೋನು



'ಮುಖ ನೋಡಿ ಮಣೆ ಹಾಕುವುದು' ಎಂಬ ಮಾತನ್ನು ನೀವು ಅಜ್ಜಿಯ ಬಾಯಲ್ಲಿ ಕೇಳಿರಬಹುದು. ಬಂದವರ ಅಂತಸ್ತು ನೋಡಿ ಮರ್ಯಾದೆ ಮಾಡುವವರನ್ನು ಹೀಗೆ ಹಂಗಿಸುತ್ತಾರೆ. ಈಗ ನಮ್ಮ ಜೇಬಿನ ಫೋನೂ ಮುಖ ನೋಡಿಯೇ ಮಣೆ ಹಾಕುತ್ತದೆ. ಆದರೆ ಯಾರ ಮುಖಕ್ಕೆ?

ಕಳೆದ ಜನವರಿಯ ಚಳಿಯಲ್ಲಿ ಆರ್.ಕೆ. ಪುರಂನ ನಮ್ಮ ಮನೆಗೆ ನನ್ನ ಸೋದರಳಿಯ ಬಂದಿದ್ದ. ನಿಮ್ಮ ಹಾಗೆಯೇ ದೆಹಲಿಯಲ್ಲಿ ಹುಟ್ಟಿ ಬೆಳೆದವನು. ಮಫ್ಲರ್ ಸುತ್ತಿಕೊಂಡಿದ್ದ ನನ್ನನ್ನು ನನ್ನ ಫೋನು ಗುರುತಿಸಲೇ ಇಲ್ಲ. ಅವನು ನಗುತ್ತಾ, ದೀಪಾವಳಿಗೆ ನಾನೇ ಕಳುಹಿಸಿದ್ದ ನನ್ನ ಫೋಟೋವನ್ನು ತನ್ನ ಫೋನಿನಲ್ಲಿ ತೆರೆದು, ನನ್ನ ಫೋನಿನ ಎದುರು ಹಿಡಿದ. ಬೀಗ ತೆರೆದೇಬಿಟ್ಟಿತು! "ಮಾವ, ಇದಕ್ಕೆ ನೀವೇ ಬೇಕು ಅಂತೇನಿಲ್ಲ" ಎಂದ. ನನಗೆ ನಗು ಬರಲಿಲ್ಲ. ನನ್ನ ಪಿಂಚಣಿ ಜಮೆಯಾಗುವ ಬ್ಯಾಂಕಿನ ಒಟಿಪಿ ಬರುವುದು ಅದೇ ಫೋನಿಗೆ.

ಕಾರಣವನ್ನೂ ಅವನೇ ತಿಳಿಸಿದ. ನನ್ನಂಥವರ ಅಗ್ಗದ ಫೋನುಗಳಲ್ಲಿ ಅನೇಕವು ಮುಂದಿನ ಕ್ಯಾಮೆರಾದಿಂದ ಬರೀ ಚಿತ್ರವನ್ನಷ್ಟೇ ಹೋಲಿಸುತ್ತವೆ. 2017ರಲ್ಲಿ ಐಫೋನಿಗೆ ಬಂದ 'ಫೇಸ್ ಐಡಿ'ಯ ಕ್ರಮವೇ ಬೇರೆ. ಅದು ಕಣ್ಣಿಗೆ ಕಾಣದ 30,000ಕ್ಕೂ ಹೆಚ್ಚು ಇನ್‌ಫ್ರಾರೆಡ್ ಚುಕ್ಕೆಗಳನ್ನು ಮುಖದ ಮೇಲೆ ಚೆಲ್ಲಿ, ಮೂಗು, ಕೆನ್ನೆಗಳ ಉಬ್ಬುತಗ್ಗುಗಳನ್ನು ಅಳೆಯುತ್ತದೆ. ಫೋಟೋಗೆ ಉಬ್ಬುತಗ್ಗು ಎಲ್ಲಿಂದ ಬರಬೇಕು? ಅಳೆದ ಲೆಕ್ಕವು ಫೋನಿನೊಳಗಿನ ಪ್ರತ್ಯೇಕ ಭದ್ರ ಭಾಗದಲ್ಲೇ ಉಳಿಯುತ್ತದೆ, ಕಂಪನಿಗೆ ಹೋಗುವುದಿಲ್ಲ. ಬೇರೊಬ್ಬರ ಮುಖಕ್ಕೆ ಅದು ತೆರೆದುಕೊಳ್ಳುವ ಸಂಭವ 10 ಲಕ್ಷಕ್ಕೆ ಒಂದಕ್ಕಿಂತ ಕಡಿಮೆ ಎನ್ನುತ್ತದೆ ಆಪಲ್ ಕಂಪನಿ. ಆದರೆ ಅವಳಿ ಮಕ್ಕಳ, ತದ್ರೂಪಿ ಒಡಹುಟ್ಟಿದವರ ವಿಷಯದಲ್ಲಿ ಈ ಭರವಸೆ ಸಲ್ಲದೆಂದು ಅದೇ ಎಚ್ಚರಿಸುತ್ತದೆ.

ಐದು ಬಾರಿ ಮುಖ ಹೊಂದದಿದ್ದರೆ, ಅಥವಾ ಫೋನನ್ನು ಆರಿಸಿ ಮತ್ತೆ ಹಚ್ಚಿದರೆ, ಅದೂ ಗುಪ್ತಸಂಖ್ಯೆಯನ್ನೇ ಕೇಳುತ್ತದೆ. ಅಂದರೆ ಕೊನೆಯ ಬೀಗದಕೈ ಸಂಖ್ಯೆಯೇ. ನನ್ನದು ಹುಟ್ಟಿದ ಇಸವಿ. ಅಳಿಯ ಅದನ್ನೂ ಮೊದಲ ಊಹೆಯಲ್ಲೇ ಹೇಳಿಬಿಟ್ಟ! ಸಂಖ್ಯೆಯನ್ನು ಅಂದೇ ಬದಲಿಸಿದೆ. ಮುಖವನ್ನು ಬದಲಿಸಲಾದೀತೆ?

ಆದ್ದರಿಂದ ನಿಮ್ಮಲ್ಲಿ ಒಂದು ವಿನಂತಿ. ಮುಂದಿನ ಭಾನುವಾರ ಅಪ್ಪ ಅಮ್ಮನ ಫೋನಿಗೆ ಅವರದೇ ಫೋಟೋ ತೋರಿಸಿ ನೋಡಿ. ತೆರೆದರೆ ಮುಖದ ಬೀಗವನ್ನು ತೆಗೆದು, ಬೆರಳಚ್ಚನ್ನೂ ಆರಂಕಿಯ ಗುಪ್ತಸಂಖ್ಯೆಯನ್ನೂ ಇಡಿ. ಏಕೆಂದು ಬೇಸರಿಸದೆ, ಕನ್ನಡದಲ್ಲೇ ತಿಳಿಸಿ ಹೇಳಿ. ನನಗೆ ನನ್ನ ಅಳಿಯ ಹೇಳಿದ್ದೂ ಹಾಗೆಯೇ.